ಒಂಬತ್ತು ಹೊದಿಕೆಗಳು

ಮೇಧಾ, ಪೃಥ್ವಿ, ಇದನ್ನು ನಿಮ್ಮಿಬ್ಬರಿಗೇ ಬರೆಯುತ್ತಿದ್ದೇನೆ. ಎದುರಿಗೆ ಕೂರಿಸಿಕೊಂಡು ಹೇಳೋಣವೆಂದು ಎರಡು ಸಲ ನೋಡಿದೆ. ನನ್ನ ಬಾಯಿ ನಿಮಗೆ ಗೊತ್ತಲ್ಲ, ನಾಲ್ಕು ಜನ ಇದ್ದ ಕಡೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡುಬಿಡುತ್ತದೆ. ಇಬ್ಬರಿದ್ದರೂ ಅಷ್ಟೇ ಅಂತ ಈಗ ಗೊತ್ತಾಯಿತು. ಬರೆಯುವುದಾದರೆ ಬರುತ್ತದೆ. ಊರಿನ ಶಾಲೆಯಲ್ಲಿ ಮೇಷ್ಟರು ಹೊಡೆದು ಹೊಡೆದು ಕಲಿಸಿದ ಕನ್ನಡ ಒಂದೇ ನನ್ನ ಆಸ್ತಿ. ಆ ಆಸ್ತಿಯನ್ನು ಎಲ್ಲಿ ಖರ್ಚು ಮಾಡಿದೆ ಅನ್ನುವುದೇ ಈಗ ಹೇಳಬೇಕಾದ ವಿಷಯ.

ಹೋದ ವಾರ ಮೇಧಾಳ ದವಡೆ ಹಲ್ಲು ನೋಯುತ್ತಿದೆ ಅಂತ ಹತ್ತಿಗೆ ಲವಂಗದ ಎಣ್ಣೆ ಅದ್ದಿ ಇಟ್ಟೆನಲ್ಲ, ಆ ವಾಸನೆಯಿಂದ ಶುರುವಾಯಿತು. ಮೇಧಾ, ನೀನು ಹತ್ತಿ ಕಚ್ಚಿಕೊಂಡೇ, ಅರ್ಧ ಅರ್ಧ ಮಾತಿನಲ್ಲಿ, "ಅಜ್ಜೀ, ಗೋಡೆ ಮೇಲಿನ ನಿನ್ನ ಫೋಟೋ ಸ್ಕೂಲಿಗೆ ತಗೊಂಡ್ಹೋಗ್ಲಾ? ಮನೆಯವ್ರು ಮಾಡಿದ ಒಳ್ಳೇ ಕೆಲಸದ ಬಗ್ಗೆ ಹೇಳ್ಬೇಕು" ಅಂದೆ. ನಾನು "ಹೂಂ" ಅಂದುಬಿಟ್ಟೆ. ನೀನು ಹೋಗಿ, ನಮ್ಮಜ್ಜಿ ಬಡ ಹುಡುಗಿಯರ ಶಾಲೆಗೆ ಹತ್ತು ಕಂಪ್ಯೂಟರ್ ಕೊಡಿಸಿದರು ಅಂತ ಹೇಳಿ ಬಂದೆ. ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಪೃಥ್ವಿ, ನೀನು ಆ ಫೋಟೋಗೆ ಬಣ್ಣದ ನಕ್ಷತ್ರ ಬೇರೆ ಅಂಟಿಸಿದೆ. ಅದನ್ನು ಕಿತ್ತು ಹಾಕಲು ನನಗೆ ಮನಸ್ಸು ಬರಲಿಲ್ಲ, ನೋಡಿಕೊಂಡು ಇರಲೂ ಆಗುತ್ತಿಲ್ಲ.

ನಿಮ್ಮ ತಾತ ತೀರಿಕೊಂಡಾಗ ನಿಮ್ಮ ಅಮ್ಮ ಸುಧಾ ಆರನೇ ಕ್ಲಾಸು. ಎನ್.ಆರ್. ಕಾಲೋನಿಯ ಒಂದು ವಠಾರದಲ್ಲಿ ಕೊನೆಯ ಮನೆ ನಮ್ಮದು. ತಾತ ಚಾಮರಾಜಪೇಟೆಯ ಒಂದು ಕಂಪನಿಯಲ್ಲಿ ಸರಕು ಕಳಿಸುವ ವಿಭಾಗದಲ್ಲಿದ್ದರು. ಹಲ್ಲುಪುಡಿ, ನೋವಿನ ಮುಲಾಮು, ಲವಂಗದ ಎಣ್ಣೆ ಮಾಡುವ ಕಂಪನಿ. ಹೆಸರು ಬರೆಯುವುದಿಲ್ಲ, ಅದು ಈಗ ಇಲ್ಲ. ಮುಂದೆ ಆಫೀಸು, ಹಿಂದೆ ಕಾರ್ಖಾನೆ. ತಾತ ಹೋದ ಹದಿನೈದನೇ ದಿನ ಕಂಪನಿಯವರೇ ಮನೆಗೆ ಬಂದು, "ನಾಳೆಯಿಂದ ಬನ್ನಿ ತಾಯಿ, ಲೇಬಲ್ ಅಂಟಿಸೋ ಕೆಲಸ ಇದೆ" ಅಂದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿ ಅವರೆಲ್ಲ ಕೆಟ್ಟವರು ಅಂತ ನೀವು ಅಂದುಕೊಳ್ಳಬಾರದು. ನಮ್ಮ ಮನೆಯಲ್ಲಿ ಒಲೆ ಹತ್ತಿದ್ದು ಅವರಿಂದ.

ದಿನಾ ಬಸವನಗುಡಿಯ ಮರಗಳ ಕೆಳಗೆ ನಡೆದು ಹೋಗಿ, ನಡೆದು ಬರುತ್ತಿದ್ದೆ. ಸೀರೆ, ಕೂದಲು, ಊಟದ ಡಬ್ಬಿ ಎಲ್ಲದಕ್ಕೂ ಲವಂಗದ ವಾಸನೆ. ಸುಧಾ, "ಅಮ್ಮಾ, ನೀನು ಪಲಾವ್ ತರ ಇದೀಯ" ಅಂತ ನಗುತ್ತಿದ್ದಳು.

ನಾಲ್ಕು ವರ್ಷ ಲೇಬಲ್ ಅಂಟಿಸಿದ ಮೇಲೆ ಯಾರೋ ನನ್ನ ಅಕ್ಷರ ನೋಡಿದರು. ಆಫೀಸಿನೊಳಗೆ ಕರೆದು ಕೂರಿಸಿದರು. ಊರೂರಿನ ಅಂಗಡಿಯವರಿಗೆ ಕನ್ನಡದಲ್ಲಿ ಕಾಗದ ಬರೆಯುವುದು, ಫೋನ್ ಎತ್ತುವುದು, ಆಫೀಸಿನ ಸಾಮಾನುಗಳ ರಿಜಿಸ್ಟರ್ ಇಡುವುದು ನನ್ನ ಕೆಲಸ. ಎಂಟು ಜನರ ಆಫೀಸಿನಲ್ಲಿ ತಪ್ಪಿಲ್ಲದೆ ಕನ್ನಡ ಬರೆಯುವವಳು ನಾನೊಬ್ಬಳೇ. ನನ್ನ ಎದುರು ಮೇಜು ಮುರಳಿಯದು. ಕಂಪ್ಯೂಟರ್ ನೋಡಿಕೊಳ್ಳುವವನು, ಎರಡು ಮಕ್ಕಳ ತಂದೆ, ಮನೆಮಾತು ತಮಿಳು. ಮಾತಾಡುವಾಗ ಕನ್ನಡ ಅರಳು ಹುರಿದ ಹಾಗೆ, ಬರೆಯುವಾಗ ಮಾತ್ರ ಅವನ ಹೆಸರೂ ಸರಿಯಾಗಿ ಬರುತ್ತಿರಲಿಲ್ಲ. ನನಗೆ ಕಂಪ್ಯೂಟರಿನಲ್ಲಿ ಕನ್ನಡ ಕುಟ್ಟುವುದನ್ನು ಕಲಿಸಿದವನು ಅವನೇ. "ಅಮ್ಮಾ, ಅದು ಕಚ್ಚಲ್ಲ, ಜೋರಾಗಿ ಒತ್ತಿ" ಅನ್ನುತ್ತಿದ್ದ.

ಇಸವಿ ಎರಡು ಸಾವಿರ ಬರಲು ಇನ್ನು ಮೂರು ತಿಂಗಳಿತ್ತು. ಆ ಇಸವಿ ಹುಟ್ಟಿದ ಕೂಡಲೇ ಹಳೆಯ ಕಂಪ್ಯೂಟರ್‌ಗಳೆಲ್ಲ ತಬ್ಬಿಬ್ಬಾಗಿ ಲೆಕ್ಕ ತಪ್ಪುತ್ತವೆ ಅಂತ ಊರೆಲ್ಲ ಹೆದರಿಕೊಂಡಿತ್ತು. ನಮ್ಮಲ್ಲೂ ಹತ್ತು ಹೊಸವು ಬಂದವು. ಆ ಆಯುಧಪೂಜೆಗೆ ಹಳೆಯವು, ಹೊಸವು ಎಲ್ಲವನ್ನೂ ಸಾಲಾಗಿ ಇಟ್ಟು, ನಾನೇ ಒಂದೊಂದರ ಹಣೆಗೂ ಅರಿಶಿನ ಕುಂಕುಮ ಇಟ್ಟೆ. ಬಾಗಿಲಲ್ಲಿ ಬೂದುಗುಂಬಳ ಒಡೆದರು. ಕಡಲೆಪುರಿ ಹಂಚುವಾಗ ರಘುನಾಥ್ ಸರ್ ಬಂದರು. ಯಜಮಾನರ ಮಗ, ಆಗ ಎಲ್ಲವನ್ನೂ ನಡೆಸುತ್ತಿದ್ದವರು. ಮೃದು ಮಾತು, ನನ್ನನ್ನು ಎಂದೂ ಏಕವಚನದಲ್ಲಿ ಕರೆದವರಲ್ಲ.

"ಹಳೇ ಹತ್ತನ್ನೂ ಹಿಂದಿನ ಬೀದಿ ಹೆಣ್ಣುಮಕ್ಕಳ ಶಾಲೆಗೆ ಕೊಟ್ಬಿಡೋಣ" ಅಂದರು. "ರಾಜ್ಯೋತ್ಸವಕ್ಕೆ. ಕನ್ನಡ ಶಾಲೆ, ಕನ್ನಡದ ಕಂಪನಿ. ಏನಂತೀರಿ ಗಿರಿಜಮ್ಮ?"

ನನ್ನ ಕಣ್ಣು ತುಂಬಿತು. ನಾನು ಓದಿದ ಶಾಲೆಯಲ್ಲಿ ಕಪ್ಪು ಹಲಗೆಗೆ ಇದ್ದಿಲು, ಗರಿಕೆ ತಿಕ್ಕಿ ಬಣ್ಣ ಬರಿಸುತ್ತಿದ್ದವರು ನಾವೇ. ಅಂಥ ಶಾಲೆಗೆ ಹತ್ತು ಕಂಪ್ಯೂಟರ್!

ಹಬ್ಬ ಮುಗಿದ ಎರಡನೇ ದಿನ ಮುರಳಿ ಒಂದು ಟ್ರೇ ತಂದು ನನ್ನ ಮೇಜಿನ ಮೇಲಿಟ್ಟ. ಒಳಗೆ ಇಟ್ಟಿಗೆಯ ಚೂರಿನಂಥ ತಗಡಿನ ಪೆಟ್ಟಿಗೆಗಳು. "ರಿಜಿಸ್ಟರಲ್ಲಿ ಬರ್ಕೊಳಿ. ಹಾರ್ಡ್ ಡಿಸ್ಕ್, ಹತ್ತು. ಬೀರುಗೆ ಹೋಗುತ್ತೆ."

"ಇದೇನಪ್ಪಾ?"

"ಕಂಪ್ಯೂಟರಿನ ಜ್ಞಾಪಕ ಎಲ್ಲ ಇರೋದು ಇದ್ರಲ್ಲೇ. ನಮ್ಮ ಅಂಗಡಿಯವರ ಪಟ್ಟಿ, ಹಲ್ಲುಪುಡಿಗೆ ಏನೇನು ಎಷ್ಟೆಷ್ಟು ಅನ್ನೋದು, ನಿಮ್ಮ ಸಂಬಳ, ಯಾರು ಯಾವ ಕಾಯಿಲೆಗೆ ರಜಾ ಹಾಕಿದ್ರು, ಎಲ್ಲ. ಅಳಿಸಿದ್ರೂ ಗೊತ್ತಿರೋರು ಮತ್ತೆ ಎತ್ತಬಹುದು. ಹೊರಗೆ ಕೊಡೋ ಮಷೀನಲ್ಲಿ ಇದನ್ನ ಬಿಡೋದು ತಪ್ಪು."

ಅದು ನ್ಯಾಯವೇ. "ಮತ್ತೆ ಆ ಮಕ್ಕಳಿಗೆ?" ಅಂದೆ.

"ಖಾಲಿ ಹೊಸ ಡಿಸ್ಕ್ ಹಾಕಿ ಕೊಡ್ಬೇಕು. ಹತ್ತು ಕೇಳಿ ಚೀಟಿ ಕೊಟ್ಟಿದೀನಿ. ಅದಿಲ್ದೆ ಕೊಟ್ರೆ, ತೊಟ್ಟಿಲು ಕಟ್ಟಿ ಮಗು ಇಲ್ಲ ಅಂದಂಗೆ."

ರಾಜ್ಯೋತ್ಸವಕ್ಕೆ ಹತ್ತು ದಿನ ಇರುವಾಗ ರಘುನಾಥ್ ಸರ್ ನಮ್ಮೆಲ್ಲರನ್ನೂ ಕೂರಿಸಿಕೊಂಡರು. ಶಿಕ್ಷಣ ಇಲಾಖೆಯ ಅಧಿಕಾರಿಯೊಬ್ಬರು ಬರುತ್ತಾರೆ, ಪತ್ರಿಕೆಯವರೂ ಬರುತ್ತಾರೆ ಅಂದರು. ಮುರಳಿ ಡಿಸ್ಕಿನ ವಿಷಯ ಎತ್ತಿದ. ಹೊಸ ಕಂಪ್ಯೂಟರ್‌ಗಳಿಗೇ ಈ ವರ್ಷ ಬಹಳ ಆಗಿದೆ, ಸದ್ಯಕ್ಕೆ ಒಂದಕ್ಕೆ ಹಾಕು, ಮಿಕ್ಕ ಒಂಬತ್ತಕ್ಕೆ ಆಮೇಲೆ ನೋಡೋಣ ಅಂದರು ಸರ್.

"ಅವತ್ತು ಯಾರಾದ್ರೂ ಎಲ್ಲವನ್ನೂ ಆನ್ ಮಾಡಿ ಅಂದ್ರೆ ಸರ್?" ಅಂತ ಮುರಳಿ ಕೇಳಿದ.

ಸರ್ ಪೆನ್ನು ತಿರುಗಿಸುತ್ತಾ ಕೂತರು. ಅವರ ಮುಖ ಬಾಡಿತ್ತು. ನಮಗೆ ಅನ್ನ ಹಾಕಿದ ಮನೆಯ ಮಗ. ಐದು ವರ್ಷದಲ್ಲಿ ಯಾವ ಸಭೆಯಲ್ಲೂ ತುಟಿ ಬಿಚ್ಚದ ನಾನು ಆವತ್ತು ಬಾಯಿ ತೆರೆದೆ.

"ಹೊದಿಕೆ ಹಾಕಿದ್ರೆ ಆಯ್ತಲ್ಲ ಸರ್."

ಎಲ್ಲರೂ ನನ್ನ ಕಡೆ ತಿರುಗಿದರು.

"ಮನೇಲಿ ಟಿವಿಗೆ, ಮಿಕ್ಸಿಗೆ ಹಾಕ್ತೀವಲ್ಲ, ಹಾಗೆ. ಧೂಳು ಕೂರಬಾರ್ದು ಅಂತ. ಕೆಂಪು ಹಳದಿ ಬಟ್ಟೇಲಿ ಹೊಲಿದ್ರೆ ರಾಜ್ಯೋತ್ಸವಕ್ಕೂ ಚೆನ್ನಾಗಿರುತ್ತೆ. ಒಂದನ್ನ ಮಾತ್ರ ತೆಗೆದು ತೋರಿಸಿದ್ರೆ ಸಾಕು. ಹೊದ್ದಿರೋದನ್ನ ಬಿಚ್ಚಿ ಅಂತ ಯಾರು ಕೇಳ್ತಾರೆ?"

"ಅಬ್ಬಾ ಗಿರಿಜಮ್ಮ!" ಅಂತ ಸರ್ ಕುರ್ಚಿಯಿಂದ ಎದ್ದೇ ನಿಂತರು. "ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಈ ತಲೆನ?"

ಎಲ್ಲರೂ ನಕ್ಕರು. ನನಗೆ ಮೈ ಬೆಚ್ಚಗಾಯಿತು. ಮಕ್ಕಳೇ, ನಿಜ ಹೇಳುತ್ತೇನೆ, ನನಗೆ ಆವತ್ತು ನಾಚಿಕೆಯಾಗಲಿಲ್ಲ. ಸಂತೋಷವಾಯಿತು. ಮನೆಗೆ ಬರುವ ದಾರಿಯಲ್ಲಿ ಒಂದು ಮೊಳ ಕನಕಾಂಬರ ತೆಗೆದುಕೊಂಡೆ, ದೇವರಿಗೆ. ಮುರಳಿ ಮಾತ್ರ ನಗಲಿಲ್ಲ ಅನ್ನುವುದು ಆಮೇಲೆ ನೆನಪಾಯಿತು.

ಶನಿವಾರ ಮಾಮೂಲ್‌ಪೇಟೆಗೆ ಹೋಗಿ ಎಲಾಸ್ಟಿಕ್, ಲೇಸು ತಂದೆ. ಬಟ್ಟೆಯನ್ನು ಕಂಪನಿಯೇ ಕೊಡಿಸಿತು, ಮಿರಮಿರ ಮಿಂಚುವ ಸ್ಯಾಟಿನ್. ಮನೆಯಲ್ಲಿ ನಮ್ಮ ಹಳೆಯ ಹೊಲಿಗೆ ಯಂತ್ರ ಹಾಕಿಕೊಂಡು ಕೂತೆ. ನನ್ನ ಸೊಂಟ ನೋಯುತ್ತದೆ ಅಂತ ಸುಧಾ ಅಂಚು ಮಡಚಿ ಕೊಟ್ಟಳು. ಎಲ್ಲ ಮುಗಿದ ಮೇಲೆ ಎಣಿಸಿದಳು.

"ಹತ್ತು ಕಂಪ್ಯೂಟರ್ ಅಂದೆ. ಒಂಬತ್ತೇ ಇದೆ?"

"ಒಂದಕ್ಕೆ ಬೇಡ."

"ಯಾಕೆ?"

"ಬಟ್ಟೆ ಸಾಲಲಿಲ್ಲ" ಅಂದೆ. ಎರಡು ಗಜ ಬಟ್ಟೆ ಅವಳ ಕಾಲ ಬಳಿಯೇ ಬಿದ್ದಿತ್ತು. ಅವಳು ಬಟ್ಟೆ ನೋಡಿದಳು, ನನ್ನ ಮುಖ ನೋಡಿದಳು, ಪುಸ್ತಕ ತೆಗೆದುಕೊಂಡು ಎದ್ದು ಹೋದಳು. ಮಗಳಿಗೆ ನಾನು ಹೇಳಿದ ಮೊದಲ ಸುಳ್ಳು ಅದಿರಬೇಕು.

ಸ್ವೀಕಾರ ಪತ್ರವನ್ನೂ ನಾನೇ ಬರೆದೆ, ಶಾಲೆಯ ಪರವಾಗಿ. "ಸುಸ್ಥಿತಿಯಲ್ಲಿರುವ ಹತ್ತು ಕಂಪ್ಯೂಟರುಗಳನ್ನು ಹರ್ಷದಿಂದ ಸ್ವೀಕರಿಸಿದ್ದೇವೆ." ಸುಸ್ಥಿತಿ ಅನ್ನುವ ಪದ ಬರೆಯುವಾಗ ಪೆನ್ನು ಎತ್ತಿದೆ. ಮತ್ತೆ ಬರೆದೆ.

ರಾಜ್ಯೋತ್ಸವದ ದಿನ ಬೆಳಗ್ಗೆ ಸಣ್ಣಗೆ ಚಳಿ. ಶಾಲೆಯ ಬಾಗಿಲಿಗೆ ಬಾಳೆಕಂದು, ಮೇಲೆ ಕೆಂಪು ಹಳದಿ ಬಾವುಟ. ದೊಡ್ಡ ಕೋಣೆಯಲ್ಲಿ ಮಕ್ಕಳೇ ಬೆಂಚುಗಳನ್ನು ಜೋಡಿಸಿ ಸೀಮೆಸುಣ್ಣದ ನೀರಿನಲ್ಲಿ ಗೋಡೆಗೆ ಚಿತ್ರ ಬರೆದಿದ್ದರು. ಮುಖ್ಯೋಪಾಧ್ಯಾಯಿನಿ ವಿಶಾಲಾಕ್ಷಿ ಮೇಡಂ ನನ್ನ ಎರಡೂ ಕೈ ಹಿಡಿದುಕೊಂಡರು. ಎತ್ತರದ ಹೆಂಗಸು, ಸೆರಗಿಗೆ ಪಿನ್ನು, ಬೆರಳಲ್ಲೆಲ್ಲ ಸೀಮೆಸುಣ್ಣ. "ಈ ಹೊದಿಕೆ ಹೊಲಿದೋರು ನೀವಂತೆ. ಎಷ್ಟು ಅಚ್ಚುಕಟ್ಟು! ಕೊಡೋರು ತುಂಬಾ ಜನ ಗಿರಿಜಮ್ಮ, ಹೀಗೆ ಅಕ್ಕರೆಯಿಂದ ಕೊಡೋರು ಕಡಿಮೆ." ಆಮೇಲೆ ಸ್ವೀಕಾರ ಪತ್ರ ಓದಿದರು. "ಇಂಥ ಕನ್ನಡ ಓದಿ ಎಷ್ಟು ದಿನ ಆಯ್ತು" ಅಂದು, ನಿಂತಲ್ಲೇ ಸಹಿ ಹಾಕಿದರು.

ಹತ್ತನೆಯದನ್ನು ಮಾತ್ರ ತೆರೆದಿಟ್ಟಿದ್ದೆವು. ಪರದೆಯ ಮೇಲೆ ನಾನು ಕುಟ್ಟಿದ ರಾಜ್ಯೋತ್ಸವದ ಶುಭಾಶಯ. ಗಂಡ ಇಲ್ಲದವಳು ಎತ್ತಬಾರದು ಅಂತ ಹಿಂಜರಿದರೂ, ಸರ್ ಬಲವಂತಕ್ಕೆ ನಾನೇ ಆರತಿ ಎತ್ತಿದೆ. ಆಗಲೇ ಕ್ಯಾಮೆರಾ ಮಿಂಚಿತು. ನಮ್ಮ ಗೋಡೆಯ ಮೇಲಿರುವುದು ಆ ಕ್ಷಣ. ಹಿಂದೆ ಸಾಲಾಗಿ ಹೊದ್ದುಕೊಂಡು ಕೂತಿವೆಯಲ್ಲ, ಆ ಒಂಬತ್ತರ ಹೊಟ್ಟೆಯೊಳಗೆ ಏನೂ ಇರಲಿಲ್ಲ.

ಆರತಿಯಾದ ಮೇಲೆ ಎರಡು ಜಡೆಯ ಒಬ್ಬಳು ಹುಡುಗಿಯನ್ನು ಕರೆದು ಮುರಳಿ ಅವಳ ಹೆಸರು ಕುಟ್ಟಿಸಿದ. ಪರದೆಯ ಮೇಲೆ ಅದು ಮೂಡಿದಾಗ ಅವಳು ಕೈ ಹಿಂದಕ್ಕೆ ಎಳೆದುಕೊಂಡಳು, ಬಿಸಿ ಮುಟ್ಟಿದವಳ ಹಾಗೆ. "ನಾಳೆ ನಾನೂ!" "ನಾಳೆ ನಾನು ಮಿಸ್!" ಅಂತ ಕೋಣೆ ತುಂಬ ಕೂಗು. ಮೇಡಂ ನಗುತ್ತಾ, "ಗಲಾಟೆ ಬೇಡ ಕಣ್ರೇ, ಹತ್ತಿದೆ. ಎಲ್ಲರಿಗೂ ಸಿಗುತ್ತೆ" ಅಂದರು. ಅಧಿಕಾರಿಗಳು ಭಾಷಣದಲ್ಲಿ, ಈ ಶಾಲೆಯ ಬಗ್ಗೆ ಇಲಾಖೆಗೆ ಇನ್ನು ಚಿಂತೆಯಿಲ್ಲ ಅಂದರು. ಆ ಮಾತು ನನಗೆ ಆಗ ಹೊಗಳಿಕೆಯ ಹಾಗೆ ಕೇಳಿಸಿತ್ತು.

ಮೂರನೆಯ ದಿನಕ್ಕೆ ಫೋನ್ ಬಂತು.

"ಗಿರಿಜಮ್ಮನೋರಾ? ನಾನು ವಿಶಾಲಾಕ್ಷಿ. ನಮಗೇ ಆನ್ ಮಾಡೋಕೆ ಬರ್ತಿಲ್ವೋ ಏನೋ, ಒಂದೇ ಓಡ್ತಿದೆ. ನಿಮ್ಮ ಇಂಜಿನಿಯರ್‌ನ ಒಂದ್ಸಲ ಕಳಿಸ್ತೀರಾ?"

ಸರ್ ಮೊದಲೇ ಹೇಳಿಟ್ಟಿದ್ದರು. "ಅವರು ಊರಲ್ಲಿಲ್ಲ ಮೇಡಂ, ಸೇಲಂಗೆ ಹೋಗಿದಾರೆ, ಬಂದ ಕೂಡಲೇ ಕಳಿಸ್ತೀವಿ" ಅಂದೆ. ಮುರಳಿ ಎದುರಿಗೇ ಕೂತು ಮೊಸರನ್ನ ತಿನ್ನುತ್ತಿದ್ದ.

ಮುಂದಿನ ವಾರ ಮತ್ತೆ ಫೋನು. ಮತ್ತೆ ನಾನು. ನಾನು ಫೋನ್ ಇಟ್ಟಾಗ ಮುರಳಿ ಕೇಳಿದ, "ಅಮ್ಮಾ, ಇವತ್ತು ನಾನು ಯಾವ ಊರಲ್ಲಿದೀನಿ? ಹೋದ ವಾರ ಸೇಲಂ ಅಂದ್ರಿ. ನಮ್ಮ ಹೆಂಡ್ತಿಗೆ ಹೇಳ್ಬೇಕು, ಕಾಯ್ತಿರ್ತಾಳೆ."

"ಸುಮ್ನಿರಪ್ಪಾ."

"ನಾನು ಸುಮ್ನೇ ಇದೀನಲ್ಲ, ಅದೇ ಕಷ್ಟ."

ಹೊಸ ಇಸವಿ ಬಂತು. ಯಾವ ಕಂಪ್ಯೂಟರೂ ತಬ್ಬಿಬ್ಬಾಗಲಿಲ್ಲ. ಆಫೀಸಿನಲ್ಲಿ ಮೈಸೂರುಪಾಕ್ ಹಂಚಿದರು. ಒಂಬತ್ತು ಡಿಸ್ಕಿನ ಚೀಟಿ ಸರ್ ಮೇಜಿನ ಮೇಲೆ ಕಾಗದಗಳ ಕೆಳಗೆ ಹೋಯಿತು. ಅವರು ಬೇಕೆಂದು ಮೋಸ ಮಾಡಿದರು ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ಫೋಟೋ ಪತ್ರಿಕೆಯಲ್ಲಿ ಬಂದಿತ್ತು. ಅವರ ಮನಸ್ಸಿನಲ್ಲಿ ಕೊಟ್ಟದ್ದು ಮುಗಿದಿತ್ತು.

ಮೇಡಂ ಫೋನ್ ಮಾಡುವುದನ್ನು ನಿಲ್ಲಿಸಿದರು. ಒಂದು ಸಂಜೆ ಆ ಶಾಲೆಯ ಮುಂದೆ ಹೋಗುವಾಗ ಕಿಟಕಿಯಲ್ಲಿ ಇಣುಕಿದೆ. ಇಬ್ಬರು ಹುಡುಗಿಯರು ಹೊದಿಕೆಗಳ ಮೇಲಿನ ಧೂಳನ್ನು ಹಗುರಾಗಿ, ಮಗುವಿನ ತಲೆ ಒರೆಸಿದ ಹಾಗೆ ಒರೆಸುತ್ತಿದ್ದರು. "ಬಿಚ್ಬೇಡ ಕಣೇ, ರಿಪೇರಿಯವ್ರು ಬರೋವರೆಗೂ ಮುಟ್ಬಾರ್ದು ಅಂದಿದಾರೆ ಮಿಸ್" ಅಂತ ಒಬ್ಬಳು ಇನ್ನೊಬ್ಬಳನ್ನು ಗದರಿದಳು. ಆಮೇಲಿಂದ ನಾನು ದಾರಿ ಬದಲಿಸಿದೆ. ಸುತ್ತಿಕೊಂಡು ಹೋಗುತ್ತಿದ್ದೆ.

ಬೇಸಿಗೆ ಬಂತು. ಚಾಮರಾಜಪೇಟೆಯ ರಸ್ತೆಗೆಲ್ಲ ಹೊಂಗೆಯ ಹೂವು ಉದುರಿ ಅಕ್ಕಿ ಚೆಲ್ಲಿದ ಹಾಗೆ ಕಾಣುತ್ತಿತ್ತು. ಒಂದು ಮಧ್ಯಾಹ್ನ ವಿಶಾಲಾಕ್ಷಿ ಮೇಡಂ ತಾವೇ ಆಫೀಸಿಗೆ ಬಂದರು. ಛತ್ರಿ ಮಡಚಿ ಮೂಲೆಯಲ್ಲಿಟ್ಟು ನನ್ನತ್ತ ನಕ್ಕು ಸರ್ ಕೋಣೆಗೆ ಹೋದರು. ಬರೆದುಕೊಳ್ಳಲು ನನ್ನನ್ನೂ ಒಳಗೆ ಕರೆದರು.

ಸರ್ಕಾರ ಶಾಲೆಗಳಿಗೆ ಹೊಸ ಕಂಪ್ಯೂಟರು, ಕಲಿಸಲು ಒಬ್ಬ ಶಿಕ್ಷಕರು, ಎರಡನ್ನೂ ಕೊಡುತ್ತಿದೆಯಂತೆ. ಇವರ ಶಾಲೆ ಪಟ್ಟಿಯಲ್ಲಿ ಮೊದಲಿನಲ್ಲೇ ಇತ್ತಂತೆ. ರಾಜ್ಯೋತ್ಸವಕ್ಕೆ ಬಂದಿದ್ದ ಅಧಿಕಾರಿಯ ಟಿಪ್ಪಣಿ, ಮೇಡಂ ಸಹಿ ಹಾಕಿದ ಸ್ವೀಕಾರ ಪತ್ರ, ಎರಡನ್ನೂ ನೋಡಿ, ಈ ಶಾಲೆಗೆ ಈಗಾಗಲೇ ಹತ್ತು ಇವೆ ಅಂತ ಹೆಸರು ಹೊಡೆದು ಹಾಕಿದ್ದಾರೆ.

"ಶನಿವಾರದೊಳಗೆ ತಿದ್ದಿಸ್ಬಹುದಂತೆ ಸರ್" ಅಂದರು ಮೇಡಂ. "ಒಂದು ಕಾಗದ ಕೊಡಿ ಸಾಕು. ಒಂಬತ್ತು ಕೆಲಸ ಮಾಡೋ ಸ್ಥಿತಿಯಲ್ಲಿಲ್ಲ ಅಂತ. ಬೇರೇನೂ ಬೇಡ."

"ಅಲ್ಲ ಮೇಡಂ, ನಾವು ಕೆಟ್ಟಿದ್ದನ್ನ ಕೊಟ್ವಿ ಅಂತ ನಾವೇ ಬರ್ಕೊಡೋದಾ? ಪೇಪರಲ್ಲಿ ಬಂದಿದೆ. ದಾನಕ್ಕೆ ಕೊಟ್ಟ ಹಸುವಿನ ಹಲ್ಲು ಎಣಿಸಬಾರ್ದು ಅಂತಾರೆ."

ಮೇಡಂ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಹಲ್ಲು ಎಣಿಸ್ತಿಲ್ಲ ಸರ್. ಹಸು ಇದೆಯಾ ಅಂತ ನೋಡ್ತಿದೀನಿ."

ಸರ್ ಮುಖ ಕೆಂಪಾಯಿತು. ವಿಚಾರಿಸಿ ನಾಳೆ ಕಾಗದ ಕಳಿಸುತ್ತೇನೆ ಅಂದರು. ಮೇಡಂ ಹೋದ ಮೇಲೆ ನನಗೆ ಹೇಳಿದರು: "ಕೊಡುವಾಗ ಎಲ್ಲವೂ ಸುಸ್ಥಿತಿಯಲ್ಲಿದ್ದವು, ಸಹಿ ಇದೆ, ಮುಂದಿನ ನಿರ್ವಹಣೆ ಶಾಲೆಗೆ ಸೇರಿದ್ದು. ಒರಟಾಗಿರಬಾರ್ದು ಗಿರಿಜಮ್ಮ, ನೋವಾಗಬಾರ್ದು. ನಿಮ್ಮ ಕೈಲಿ ಆಗುತ್ತೆ."

ಊಟದ ಹೊತ್ತಿನಲ್ಲಿ ಮುರಳಿ ಡಬ್ಬಿ ಬಿಚ್ಚದೆ ನನ್ನ ಮುಂದೆ ಬಂದು ಕೂತ.

"ಅಮ್ಮಾ, ನಿಮ್ಮ ರಿಜಿಸ್ಟರಲ್ಲಿದೆ. ಹಾರ್ಡ್ ಡಿಸ್ಕ್ ಹತ್ತು ತೆಗೆದು ಬೀರುಗೆ ಇಟ್ಟಿದ್ದು, ಹೊಸದು ಒಂದೇ ಹಾಕಿದ್ದು. ನಿಮ್ಮ ಅಕ್ಷರದಲ್ಲೇ. ಆ ಪುಟದ್ದು ಒಂದು ಜೆರಾಕ್ಸ್, ಮೇಲೆ ನಾಲ್ಕು ಸಾಲು ನಿಮ್ಮ ಕನ್ನಡ. ನಾನೇ ತಗೊಂಡ್ಹೋಗಿ ಆ ಮೇಡಂಗೆ ಕೊಡ್ತೀನಿ. ಕೇಳಿದ್ರೆ ಕದ್ದೆ ಅಂತೀನಿ."

"ನಾನು ಹೇಗಪ್ಪಾ..."

"ಇಲಾಖೆಗೆ ಕನ್ನಡದಲ್ಲೇ ಬೇಕು. ನನಗೆ ಬರೆಯೋಕೆ ಬಂದಿದ್ರೆ ನಿಮ್ಮನ್ನ ಕೇಳ್ತಿರ್ಲಿಲ್ಲ."

"ಸುಧಾ ಈಗ ಪಿಯುಸಿ ಪರೀಕ್ಷೆ ಬರೆದಿದಾಳೆ. ಈ ಕೆಲಸ ಹೋದ್ರೆ ನಾನೇನು ಮಾಡ್ಲಿ?"

ಅವನು ವಾದ ಮಾಡಲಿಲ್ಲ. "ಅದೂ ಸರೀನೇ" ಅಂದು ಎದ್ದ. ಬೈದಿದ್ದರೆ ಚೆನ್ನಾಗಿತ್ತು.

ನಿಮ್ಮ ಅಮ್ಮನ ಓದನ್ನು ನಾನು ಅಡ್ಡ ತಂದೆ ಅನ್ನುವುದು ನಿಜ, ಆದರೆ ಅದು ಪೂರ್ತಿ ನಿಜವಲ್ಲ. ಕೆಲಸ ಹೋಗುತ್ತಿತ್ತೋ ಇಲ್ಲವೋ ನಾನು ಕೇಳಿಯೂ ನೋಡಲಿಲ್ಲ. ರಘುನಾಥ್ ಸರ್ ಅಷ್ಟು ಕಟುಕರಲ್ಲ. ಹೆದರಿದ್ದು ಬೇರೆಯದಕ್ಕೆ. ಆ ರಿಜಿಸ್ಟರಿನ ಪುಟ ಹೊರಗೆ ಬಂದರೆ, ಹೊದಿಕೆಯ ಉಪಾಯ ಯಾರದು ಅನ್ನುವುದೂ ಹೊರಗೆ ಬರುತ್ತದೆ. ಆ ಉದ್ದನೆಯ ಹೆಂಗಸು ನನ್ನ ಕೈ ಹಿಡಿದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಅಷ್ಟೇ ನನ್ನ ಭಯ. ಆ ಶಾಲೆಯ ಮುನ್ನೂರು ಹುಡುಗಿಯರ ನಷ್ಟದ ಮುಂದೆ ನನ್ನ ಭಯ ಇಷ್ಟು.

ಕಾಗದ ಬರೆದೆ. ಒಳ್ಳೆಯ ಕಾಗದ. ಒಂದು ಕಡೆಯೂ ಗಡಸು ಮಾತಿಲ್ಲ. ಮಾರನೆಯ ದಿನ ಮೇಡಂ ಬಂದು ನನ್ನ ಮೇಜಿನ ಎದುರಿಗೇ ನಿಂತು ಓದಿದರು, ಮೊದಲಿನಿಂದ ಕೊನೆಯವರೆಗೆ, ಮತ್ತೆ ಮೊದಲಿನಿಂದ. ಮಡಚಿ ಚೀಲದಲ್ಲಿಟ್ಟುಕೊಂಡರು.

"ನೀವು ಬರೆದದ್ದಾ?"

"ಹೌದು ಮೇಡಂ. ಸರ್ ಹೇಳಿದ್ದು."

"ಗೊತ್ತಾಯ್ತು. ನೀವೇನು ಮಾಡ್ತೀರಿ ಪಾಪ, ಹೇಳಿದ್ದು ಬರೀಬೇಕು." ಛತ್ರಿ ತೆಗೆದುಕೊಂಡು ಬಿಸಿಲಿಗೆ ಇಳಿದರು. ಶನಿವಾರ ಕಳೆಯಿತು.

ಆ ಕಂಪನಿ ಏನೂ ಕೊಡದೇ ಇದ್ದಿದ್ದರೆ ಆ ಶಾಲೆಗೆ ಕಂಪ್ಯೂಟರ್ ಬರುತ್ತಿತ್ತು. ನಾವು ಕೊಟ್ಟದ್ದರಿಂದ ಬರಲಿಲ್ಲ. ಮುಂದಿನ ಪಟ್ಟಿ ಆಗುವ ಹೊತ್ತಿಗೆ ಮೂರು ವರ್ಷವಾಗಿತ್ತು. ಎರಡು ಜಡೆಯ ಹುಡುಗಿ, ಅವಳ ಜೊತೆಯವರು ಎಲ್ಲ ಶಾಲೆ ಬಿಟ್ಟು ಹೋಗಿದ್ದರು. ಅವರು ಎಲ್ಲಿ ಏನಾದರೋ ನನಗೆ ಗೊತ್ತಿಲ್ಲ. ಚೆನ್ನಾಗಿಯೇ ಇರಬಹುದು. ಅದರಿಂದ ನನ್ನದು ಕಡಿಮೆಯಾಗುವುದಿಲ್ಲ.

ಜೂನ್‌ನಲ್ಲಿ ಮುರಳಿ ಕೆಲಸ ಬಿಟ್ಟ. ಬಿಡುವ ಮೊದಲು ಎರಡು ಭಾನುವಾರ ಆ ಶಾಲೆಗೆ ಹೋಗಿ, ಎಲ್ಲಿಂದಲೋ ಹಳೆಯ ಡಿಸ್ಕ್‌ಗಳನ್ನು ತಂದು ಮೂರನ್ನು ಓಡಿಸಿ ಬಂದ. "ನೀವೂ ಬನ್ನಿ ಅಮ್ಮಾ, ಹೊದಿಕೆ ಬಿಚ್ಚೋಕೆ" ಅಂತ ಕರೆದಿದ್ದ. ಜ್ವರ ಅಂದೆ. ಹೋಗುವಾಗ ನನ್ನ ಮೇಜಿನ ಮೇಲೆ ಒಂದು ಪೊಟ್ಟಣ ಹುರಿಗಡಲೆ ಇಟ್ಟು, "ಟೈಪಿಂಗ್ ಬಿಡ್ಬೇಡಿ" ಅಂದ. ನನ್ನ ವಿಷಯ ಅವನು ಎಲ್ಲಿಯೂ ಹೇಳಲಿಲ್ಲ. ಅದು ಹೇಗೆ ಗೊತ್ತು ಅಂತ ಮುಂದೆ ಹೇಳುತ್ತೇನೆ.

ನಾನು ಇನ್ನೂ ಎಂಟು ವರ್ಷ ಅಲ್ಲೇ ಇದ್ದೆ. ನಿಮ್ಮ ಅಮ್ಮ ಓದಿ ಮುಗಿಸಿದಳು, ಮದುವೆಯಾಯಿತು. ನನ್ನ ಬೀಳ್ಕೊಡುಗೆಯ ದಿನ ಶಾಲು, ಹಣ್ಣಿನ ಬುಟ್ಟಿ, ಮತ್ತು ಕಟ್ಟು ಹಾಕಿಸಿದ ಆ ಫೋಟೋ. "ನಮ್ಮ ಕಂಪನಿಯ ಒಳ್ಳೇತನಕ್ಕೆ ಒಂದು ಮುಖ ಇದ್ರೆ ಅದು ಇದು" ಅಂದರು ರಘುನಾಥ್ ಸರ್. ಅವರ ಕಣ್ಣಲ್ಲಿ ನೀರಿತ್ತು. ಅವರು ನಿಜಕ್ಕೂ ಮರೆತಿದ್ದರು.

ಆ ಕಟ್ಟನ್ನು ಹಿಡಿದುಕೊಂಡು ಬಂದವಳು ಒಂದು ತಿಂಗಳು ಒದ್ದಾಡಿ, ವಿಶಾಲಾಕ್ಷಿ ಮೇಡಂ ಮನೆ ಹುಡುಕಿಕೊಂಡು ಹೋದೆ. ನಿವೃತ್ತರಾಗಿ ವೈಯಾಲಿಕಾವಲ್‌ನಲ್ಲಿ ತಂಗಿಯ ಮನೆಯ ಮಹಡಿಯಲ್ಲಿದ್ದರು. ಬಸ್ಸಿನಲ್ಲಿ ಹೇಳಬೇಕಾದ ಮಾತನ್ನು ಪಾಠದ ಹಾಗೆ ಬಾಯಿಪಾಠ ಮಾಡಿಕೊಂಡಿದ್ದೆ. ಹೊದಿಕೆ ನನ್ನ ಉಪಾಯ. ಒಳಗೆ ಏನೂ ಇಲ್ಲ ಅಂತ ಗೊತ್ತಿದ್ದೇ ಹೊಲಿದೆ. ಮೂರು ನಿಮಿಷದ ಮಾತು.

ಬಾಗಿಲು ತೆಗೆದವರು ನನ್ನನ್ನು ಗುರುತಿಸಿ, "ಅಯ್ಯೋ ಬನ್ನಿ ಬನ್ನಿ, ಗಿರಿಜಮ್ಮ!" ಅಂತ ಒಳಗೆ ಎಳೆದುಕೊಂಡೇ ಹೋದರು. ಕೂತು ಕಣ್ಣೆತ್ತಿದರೆ, ಎದುರಿನ ಹೊಲಿಗೆ ಯಂತ್ರದ ಮೇಲೆ ಕೆಂಪು ಹಳದಿ ಸ್ಯಾಟಿನ್ ಹೊದಿಕೆ. ಲೇಸು ಸ್ವಲ್ಪ ಕಪ್ಪಾಗಿತ್ತು. ಹೊಲಿಗೆ ಒಂದೂ ಬಿಟ್ಟಿರಲಿಲ್ಲ.

"ನೋಡಿ, ಗುರುತು ಸಿಕ್ತಾ?" ಅಂತ ನಕ್ಕರು. "ಮಷೀನೆಲ್ಲ ಗುಜರಿಗೆ ಹೋದ್ವು. ಇದನ್ನ ಬಿಸಾಡೋಕೆ ಮನಸ್ಸು ಬರಲಿಲ್ಲ."

ಕಾಫಿ ತಂದುಕೊಟ್ಟು ಎದುರಿಗೆ ಕೂತರು. ಲೋಟವನ್ನು ಸೆರಗಿನಲ್ಲಿ ಹಿಡಿದುಕೊಂಡೆ. ಈಗ ಹೇಳಬೇಕು ಅಂತ ಬಾಯಿ ತೆರೆಯುವಷ್ಟರಲ್ಲಿ ಅವರೇ ಮಾತಾಡಿದರು.

"ಒಂದು ಮಾತು ಮನಸ್ಸಲ್ಲಿ ಉಳಿದ್ಬಿಟ್ಟಿದೆ ಗಿರಿಜಮ್ಮ. ಆ ಮಕ್ಕಳಿಗೆ ಅನ್ಯಾಯ ಮಾಡ್ದೋಳು ನಾನೇ. ಸಹಿ ಹಾಕೋ ಮುಂಚೆ ಒಂದು ಹೊದಿಕೆ ಎತ್ತಿ, ಒಂದು ಗುಂಡಿ ಒತ್ತಿ ನೋಡ್ಬೇಕಿತ್ತು. ಮೂವತ್ತು ವರ್ಷ ಪಾಠ ಮಾಡ್ದೋಳಿಗೆ ಅಷ್ಟು ತಿಳೀಬಾರ್ದಾ? ಆದ್ರೆ ಯಾರೋ ಇಷ್ಟು ಚೆನ್ನಾಗಿ ಹೊಲಿದು ಕೊಟ್ಟಿದಾರೆ, ಇಷ್ಟು ಚೆನ್ನಾಗಿ ಬರೆದು ಕೊಟ್ಟಿದಾರೆ. ಬಿಚ್ಚಿ ನೋಡಿದ್ರೆ ಅವಮಾನ ಮಾಡ್ದಂಗೆ ಅನ್ನಿಸ್ತು."

ನನ್ನ ಕೈವಾಡ ಅವರಿಗೆ ಏನೂ ಗೊತ್ತಿರಲಿಲ್ಲ. ಮುರಳಿ ಬಾಯಿ ಬಿಟ್ಟಿರಲಿಲ್ಲ. ನನ್ನ ತಪ್ಪನ್ನು ಅವರು ಇಷ್ಟು ವರ್ಷ ತಮ್ಮದೆಂದು ಹೊತ್ತುಕೊಂಡು ಕೂತಿದ್ದರು. ನಾನು ಒಂದು ಮಾತು ಹೇಳಿದ್ದರೆ ಇಳಿಯುತ್ತಿತ್ತು.

"ನಿಮ್ಮದೇನೂ ತಪ್ಪಿಲ್ಲ ಮೇಡಂ" ಅಂದೆ. ಅಷ್ಟೇ. ಯಾರದು ಅಂತ ಹೇಳಲಿಲ್ಲ. ಕಾಫಿ ಕುಡಿದೆ. ಕುಂಕುಮ ಕೊಟ್ಟರು, ಇಟ್ಟುಕೊಳ್ಳುವ ಹಾಗಿಲ್ಲವಲ್ಲ ನಾನು, ಅದು ನೆನಪಾಗಿ ಅವರೇ ನಾಚಿಕೊಂಡು ಒಂದು ಬಾಳೆಹಣ್ಣು ಕೈಗಿಟ್ಟರು. ಮೆಟ್ಟಿಲಿಳಿದು ಬಂದುಬಿಟ್ಟೆ. ಎರಡು ವರ್ಷದ ಮೇಲೆ ಅವರು ಹೋದ ಸುದ್ದಿ ಬಂತು.

ಮೇಧಾ, ನಿನ್ನ ಟೀಚರಿಗೆ ಹೋಗಿ ಹೇಳು ಅಂತ ನಾನು ಹೇಳುವುದಿಲ್ಲ. ಅದು ನಿನ್ನ ಹೊರೆಯಲ್ಲ. ಆದರೆ ನನ್ನಿಂದಾಗಿ ಇನ್ನೊಬ್ಬರು ತಪ್ಪು ತಿಳಿದುಕೊಂಡು ಬದುಕುವುದು ಒಂದು ಸಲವೇ ಸಾಕು, ನೀವಿಬ್ಬರೂ ಹಾಗೆ ಬದುಕಬಾರದು. ಫೋಟೋ ಗೋಡೆಯ ಮೇಲೆಯೇ ಇರಲಿ, ಪೃಥ್ವಿಯ ನಕ್ಷತ್ರವೂ ಇರಲಿ. ಕಟ್ಟಿನ ಹಿಂದಿನ ರಟ್ಟನ್ನು ನಾನು ಬಿಚ್ಚಿದ್ದೇನೆ, ಮೊಳೆ ಹೊಡೆದಿಲ್ಲ. ಈ ಹಾಳೆಗಳನ್ನು ಅಲ್ಲಿ, ಆ ಒಂಬತ್ತರ ಬೆನ್ನ ಹಿಂದೆ ಇಡುತ್ತೇನೆ. ಗೆದ್ದಲು, ನೀರು ತಾಗದ ಹಾಗೆ ನೋಡಿಕೊಳ್ಳಿ. ಮುಂದೆ ಯಾರಾದರೂ ಆ ಫೋಟೋ ನೋಡಿ ನಿಮ್ಮಜ್ಜಿಯನ್ನು ಹೊಗಳಿದರೆ, ಅದನ್ನು ತಿರುಗಿಸಿ ಇದನ್ನು ಓದಲು ಕೊಡಿ.